ಮಾವನ ಮನೆ ಮೇಲಿನ ಮೌನ

ಆ ಚಿತ್ರವನ್ನು ಮಾವನಿಗೆ ಕೊಟ್ಟದ್ದೇ ತಪ್ಪು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆದರೆ ಕೊಡುವ ಹೊತ್ತಿನಲ್ಲಿ ಜ್ಞಾನೇಶನ ಎದೆ ಎಷ್ಟು ಉಬ್ಬಿತ್ತೆಂದರೆ, ಮಾವ ಕೇಳಿದ್ದರೆ ಅದನ್ನು ತೂಗುಹಾಕಿದ್ದ ಮೊಳೆಯನ್ನೂ ಕಿತ್ತು ಕೊಡುತ್ತಿದ್ದ. ಮಗಳನ್ನು ಕೊಟ್ಟು ಇಷ್ಟು ವರ್ಷವಾದರೂ ಅಳಿಯನ ಚಿತ್ರಗಳ ಮುಂದೆ ನಿಂತು "ಇದು ಮುಗಿದಿದೆಯೋ, ಇನ್ನೂ ಬಾಕಿ ಇದೆಯೋ?" ಎಂದಷ್ಟೇ ಕೇಳುತ್ತಿದ್ದ ವೀರಪ್ಪನವರು, ಕಳೆದ ಬೇಸಿಗೆಯಲ್ಲಿ ಒಂದು ದಿನ ರವೀಂದ್ರನಗರದ ಇವನ ಮನೆಗೆ ಬಂದು, ಕಾಫಿ ಕುಡಿದು, ಸ್ಟುಡಿಯೋ ಎಂದು ಕರೆಸಿಕೊಳ್ಳುವ ಹಿಂದಿನ ಕೋಣೆಗೆ ತಾವಾಗಿಯೇ ನುಗ್ಗಿದ್ದರು. ಒಂದೊಂದನ್ನೂ ನೋಡುತ್ತಾ ಹೋಗಿ, ಕಪ್ಪು ಕೆಂಪಿನ ದೊಡ್ಡದೊಂದರ ಮುಂದೆ ನಿಂತವರು ಕದಲಲೇ ಇಲ್ಲ.

"ಅಳಿಯಂದ್ರೇ, ಇದನ್ನ ನನಗೆ ಕೊಡ್ತೀರಾ? ಭದ್ರಾವತೀಲಿ ಮನೆ ಕಟ್ಟಿಸ್ತಿದೀನಲ್ಲ, ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ."

ಅದು 'ಮೌನ–ಒಂಬತ್ತು'. ಜ್ಞಾನೇಶ ಈವರೆಗೆ ಬಿಡಿಸಿದ್ದರಲ್ಲೆಲ್ಲ ಅವನಿಗೆ ಅದೇ ಪ್ರಾಣ. ಆ ರಾತ್ರಿ ಹೆಂಡತಿ ಅಮೂಲ್ಯಳ ಮುಂದೆ, "ನೋಡಿದ್ಯಾ, ನಿಮ್ಮ ಅಪ್ಪಾಜಿಗೂ ಕಣ್ಣು ತೆರೀತು," ಎಂದು ಹೇಳಿ ಕಣ್ಣಲ್ಲಿ ನೀರು ತಂದುಕೊಂಡಿದ್ದ.

ಇವನ ಕಲಾಜೀವನದ ಕತೆ ಹೇಳುವುದಾದರೆ ಬೇಗ ಮುಗಿಯುತ್ತದೆ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಮಾವಿನಹಣ್ಣು, ಕೊಡೆ, ಗುಡ್ಡದ ನಡುವೆ ಸೂರ್ಯ ಬರೆಸಿ ಬರೆಸಿ ಬೇಸತ್ತು, ಅಮೂರ್ತ ಚಿತ್ರಕಲೆಗೆ ಬದುಕನ್ನೇ ಕೊಡುತ್ತೇನೆಂದು ಕೆಲಸ ಬಿಟ್ಟ. ಆಮೇಲೆ ಗ್ಯಾಲರಿಗಳಿಗೆ ಫೋಟೋ ಕಳಿಸುತ್ತಲೇ ಬಂದ. ಗ್ಯಾಲರಿಗಳು ಮೌನ–ಒಂದರಿಂದ ಮೌನ–ಇಪ್ಪತ್ತರವರೆಗೆ ಮೌನವಾಗಿಯೇ ಇದ್ದವು. ಮನೆ ಅಮೂಲ್ಯಳ ಹೈಸ್ಕೂಲು ಸಂಬಳದಲ್ಲಿ ನಡೆಯುತ್ತಿತ್ತು. ಯುಗಾದಿಯ ದಿನ ಇಡೀ ಬೀಗರ ಬಳಗ ಕೂತು ಒಂದು ತೀರ್ಮಾನ ಮಾಡಿತ್ತು: ವರ್ಷ ಮುಗಿಯುವುದರೊಳಗೆ ಯಾವುದಾದರೂ ಗ್ಯಾಲರಿ ಇವನ ಚಿತ್ರ ಒಪ್ಪದಿದ್ದರೆ, ಇವನು ಹೋಗಿ ಅಮೂಲ್ಯಳ ತಮ್ಮ ಸುದೀಪನ ಫ್ಲೆಕ್ಸ್ ಅಂಗಡಿಯಲ್ಲಿ ಕೂರಬೇಕು. ಕೂತು, ಪುಢಾರಿಗಳ ಹುಟ್ಟುಹಬ್ಬಕ್ಕೆ ಅವರ ಮುಖದ ಮೊಡವೆ ಅಳಿಸಿ, ತಲೆಯ ಹಿಂದೆ ಪ್ರಭಾವಳಿ ಬಿಡಿಸಬೇಕು. ಆ ಗಡುವು ಮುಗಿದು ಸೋಮವಾರದಿಂದ ಕೆಲಸಕ್ಕೆ ಹೋಗಬೇಕಾಗಿತ್ತು. ನಮ್ಮ ಕತೆ ನಡೆಯುವುದು ಅದರ ಹಿಂದಿನ ಶನಿವಾರ.

ಅವತ್ತು ಬೆಳಗ್ಗೆ ತಿಂಡಿ ತಿನ್ನುವಾಗ ಫೋನು ಬಂತು.

"ಜ್ಞಾನೇಶ್ ಅವರಾ? ನಾನು ತನುಜಾ ಅಂತ, ಬೆಂಗಳೂರಲ್ಲಿ ಗ್ಯಾಲರಿ ನಡೆಸ್ತೀನಿ. ನಿಮ್ಮದೊಂದು ಕೃತಿಯ ಫೋಟೋ ನೋಡ್ದೆ. ಕಪ್ಪು, ಕೆಂಪು, ನಡುವೆ ಬಿಳೀ ಬಿರುಕು. ನಿಮ್ಮ ಜೊತೆ ಓದಿದವರೊಬ್ರು ಗುರುತು ಹಿಡಿದು ನಂಬರ್ ಕೊಟ್ರು. ಎರಡು ದಿನದಿಂದ ನಂಗೆ ಅದೇ ಗುಂಗು. ಸಾಗರದಿಂದ ಬರ್ತಾ ಇದೀನಿ, ಸಂಜೆ ನಾಲ್ಕಕ್ಕೆ ಅದನ್ನ ಕಣ್ಣಾರೆ ನೋಡಬಹುದಾ? ಹಿಡಿಸಿದ್ರೆ ಈ ಸಲದ ದೊಡ್ಡ ಪ್ರದರ್ಶನಕ್ಕೆ ತಗೊಳ್ತೀನಿ."

ಜ್ಞಾನೇಶ "ಬನ್ನಿ ಮೇಡಂ, ಬನ್ನಿ ಬನ್ನಿ" ಎಂದು ವಿಳಾಸ ಹೇಳಿ ಫೋನಿಟ್ಟ. ಇಟ್ಟ ಮೇಲೆ ನೆನಪಾಯಿತು, ಚಿತ್ರ ಮನೆಯಲ್ಲಿಲ್ಲ.

"ಅದಕ್ಯಾಕೆ ಹಾಗೆ ಬೆವರ್ತೀರಿ?" ಎಂದಳು ಅಮೂಲ್ಯ. "ಅಪ್ಪಾಜಿ ಹತ್ರ ಹೋಗಿ ಇಸ್ಕೊಂಡು ಬನ್ನಿ. ಬೇರೆ ಯಾರ ಮನೇಲಿದೆ? ನಾನು ಅಷ್ಟರಲ್ಲಿ ರೂಮು ಗುಡಿಸಿಡ್ತೀನಿ. ಉಪ್ಪಿಟ್ಟು ಮುಗಿಸಿ ಹೊರಡಿ."

ಉಪ್ಪಿಟ್ಟು ಮುಗಿಸುವ ತಾಳ್ಮೆ ಅವನಿಗಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಭದ್ರಾವತಿಯ ನ್ಯೂಟೌನಿನಲ್ಲಿ ಇಳಿದ. ಮಾವನ ಮನೆ ಎರಡು ಅಂತಸ್ತು ಎದ್ದಿತ್ತು, ಸುತ್ತ ಬಿದಿರಿನ ಗಳ ಕಟ್ಟಿ ಪ್ಲಾಸ್ಟರಿಂಗ್ ನಡೆಯುತ್ತಿತ್ತು. ಇವನು ತಲೆಯೆತ್ತದೆ ಸೀದಾ ಒಳಗೆ ಹೋಗಿ ಹಾಲಿನ ಗೋಡೆಗಳನ್ನು ನೋಡಿದ. ಅಲ್ಲಿ ಸಿಮೆಂಟ್ ಮೂಟೆಗಳ ಹೊರತು ಏನೂ ಇರಲಿಲ್ಲ. ದೇವರ ಕೋಣೆ ಆಗಬೇಕಾದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ವೀರಪ್ಪನವರು ಎದ್ದು ಬಂದರು.

"ಬನ್ನಿ ಬನ್ನಿ ಅಳಿಯಂದ್ರೇ. ಏನು ದಿಢೀರಂತ?"

"ಮಾವ, ನನ್ನ ಚಿತ್ರ ಎಲ್ಲಿಟ್ಟಿದೀರಿ?"

"ಬರೋವಾಗ ನೋಡ್ಲಿಲ್ವಾ? ಊರೇ ನೋಡ್ತಾ ಇದೆಯಲ್ರೀ!"

ವೀರಪ್ಪನವರು ಅಳಿಯನ ಹೆಗಲ ಮೇಲೆ ಕೈಹಾಕಿ ಅಭಿಮಾನದಿಂದ ರಸ್ತೆಗೆ ಕರೆದುಕೊಂಡು ಹೋಗಿ, ಮೇಲೆ ಬೆರಳು ತೋರಿಸಿದರು. ಎರಡನೇ ಅಂತಸ್ತಿನ ನಟ್ಟನಡುವೆ, ಬಿದಿರಿನ ಗಳಕ್ಕೆ ಕಂಬಿ ಸುತ್ತಿ 'ಮೌನ–ಒಂಬತ್ತ'ನ್ನು ಕಟ್ಟಲಾಗಿತ್ತು. ಅದರ ಕೆಳಗೆ ಕುಂಕುಮ ಬಳಿದ ಬೂದುಗುಂಬಳಕಾಯಿ ನೇತಾಡುತ್ತಿತ್ತು. ಎಡಕ್ಕೆ ಒಂಟಿ ಹಳೇ ಚಪ್ಪಲಿ, ಬಲಕ್ಕೆ ಸವೆದ ಪೊರಕೆ.

ಜ್ಞಾನೇಶ ಚಿತ್ರದಿಂದ ಪೊರಕೆಗೆ, ಪೊರಕೆಯಿಂದ ಚಪ್ಪಲಿಗೆ ಕಣ್ಣು ಹೊರಳಿಸಿದ. "ಮಾವ... ದೃಷ್ಟಿಗೊಂಬೆ ಮಾಡಿದೀರಾ?"

"ಮತ್ತೆ? ಇಂಥಾ ದೃಷ್ಟಿಗೊಂಬೆ ಜಿಲ್ಲೇಲಿ ಇಲ್ಲ!" ವೀರಪ್ಪನವರ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. "ಮೊದ್ಲು ಎಲ್ಲರ ಹಾಗೆ ನಾಲಿಗೆ ಚಾಚಿದ ರಾಕ್ಷಸನ ಮುಖ ಕಟ್ಟಿದ್ದೆ. ಜನ ಏನ್ ಮಾಡೋರು, ಒಂದ್ ಸಲ ಅದನ್ನ ನೋಡಿ, 'ಹೋ, ರಾಕ್ಷಸ' ಅಂತ ಗುರುತು ಹಿಡಿದು, ಆಮೇಲೆ ನಿಧಾನವಾಗಿ ಮನೆ ನೋಡೋರು. ಕಣ್ಣೆಲ್ಲ ಮನೆ ಮೇಲೇ ಬೀಳೋದು. ಬೋರು ಫೇಲಾಯ್ತು, ಸಜ್ಜಾ ಬಿರುಕು ಬಿಡ್ತು. ನಿಮ್ಮ ಚಿತ್ರ ಕಟ್ಟಿದ ಮೇಲೆ ನೋಡಿ, ಒಬ್ಬನಾದ್ರೂ ಮನೆ ಕಡೆ ಕಣ್ಣು ಹಾಕಿದಾನಾ! 'ಇದೇನ್ರೀ ಇದು, ಇದೇನ್ರೀ ಇದು' ಅಂತ ನಿಂತು ನಿಂತು, ಕತ್ತು ನೋವು ಬರಿಸ್ಕೊಂಡು ಹೋಗ್ತಾರೆ."

ಅವರು ದನಿ ತಗ್ಗಿಸಿ ಎದುರುಮನೆಯತ್ತ ಕಣ್ಣು ಹೊರಳಿಸಿದರು. "ನಮ್ಮ ನರಸಿಂಹಮೂರ್ತಿಗಳ ಕಣ್ಣು ಗೊತ್ತಲ್ಲ? ಯಾರದೋ ಹೊಸ ಬೈಕು ನೋಡಿ 'ಚೆನ್ನಾಗಿದೆ' ಅಂದ್ರು, ತಿರುವಲ್ಲೇ ಪಂಕ್ಚರ್. ಅಂಥವರೇ ದಿನಾ ಹಾಲಿಗೆ ಅಂತ ಬಂದು ಇದರ ಮುಂದೆ ನಿಂತು, ಹಾಲು ಮರೆತು ವಾಪಸ್ ಹೋಗ್ತಾರೆ."

ತನ್ನ ಚಿತ್ರವನ್ನು ಒಬ್ಬ ಮನುಷ್ಯ ದಿನಾ ನಿಂತು ನೋಡುತ್ತಾನೆಂದು ಕೇಳಿ ಜ್ಞಾನೇಶನಿಗೆ ಒಂದು ಗಳಿಗೆ ಖುಷಿಯೇ ಆಯಿತು. ಆಮೇಲೆ ಕುಂಬಳಕಾಯಿ ಕಣ್ಣಿಗೆ ಬಿತ್ತು.

"ಮಾವ, ಅದು ನನಗೆ ಈಗ್ಲೇ ಬೇಕು. ಬೆಂಗಳೂರಿಂದ ಗ್ಯಾಲರಿಯವರು ಬರ್ತಿದಾರೆ. ಇವತ್ತು ಅದನ್ನ ತೋರಿಸದೇ ಇದ್ರೆ ನನ್ನ ಕತೆ ಮುಗೀತು."

ಈ ಮಾತು ಗಳದ ಮೇಲಿದ್ದ ಮೇಸ್ತ್ರಿಯ ಕಿವಿಗೆ ಬಿತ್ತು. ಅವನು ಕರಣೆ ಕೆಳಗಿಟ್ಟ. "ಅದು ಇಳಿಸಿದ್ರೆ ನಾನೂ ಇಳೀತೀನಿ ಸಾರ್. ರಾಕ್ಷಸ ಇದ್ದಾಗ ಎರಡು ಸಲ ಬಿದ್ದಿದೀನಿ. ಇದು ಬಂದ ಮೇಲೆ ಒಂದು ಗೀರಿಲ್ಲ."

"ಗೃಹಪ್ರವೇಶ ಆಗೋವರೆಗೂ ದೃಷ್ಟಿಗೊಂಬೆ ಇಳಿಸೋ ಹಾಗಿಲ್ಲ," ಎಂದರು ನರಸಿಂಹಮೂರ್ತಿಗಳು. ಅವರು ಯಾವಾಗ ಬಂದು ಪಕ್ಕದಲ್ಲಿ ನಿಂತರೋ ಯಾರಿಗೂ ಗೊತ್ತಾಗಿರಲಿಲ್ಲ. ಅವರ ಹಿಂದೆ ರಸ್ತೆಯಲ್ಲಿ ಹೋಗುತ್ತಿದ್ದ ನಾಲ್ಕಾರು ಜನರೂ ನಿಂತರು. ಸುದೀಪನೂ ಬೈಕಿನಲ್ಲಿ ಬಂದಿಳಿದ.

"ಭಾವ, ಬಂದ್ರಾ? ನಿಮಗೆ ಅಂತಾನೇ ತಿರುಗೋ ಕುರ್ಚಿ ತರಿಸಿದೀನಿ. ಸೋಮವಾರ ಒಂಬತ್ತಕ್ಕೆಲ್ಲ ಬಂದ್ಬಿಡಿ. ಒಬ್ಬ ಕಾರ್ಪೊರೇಟರ್ ಬರ್ತ್‌ಡೇ ಇದೆ."

ಆ ತಿರುಗುವ ಕುರ್ಚಿ ಜ್ಞಾನೇಶನ ಕಣ್ಣ ಮುಂದೆ ತಿರುಗಿತು. ಅವನು ಸಂಕೋಚ ಬಿಟ್ಟು ನಡುರಸ್ತೆಯಲ್ಲೇ ಮಾವನ ಎರಡೂ ಕೈ ಹಿಡಿದುಕೊಂಡ. "ಮಾವ, ನಿಮ್ಮ ದಮ್ಮಯ್ಯ. ನಿಮ್ಮ ಮನೆಗೆ ಕಣ್ಣು ಬಿದ್ರೆ ಒಂದು ಸಜ್ಜಾ ಬಿರುಕು ಬಿಡುತ್ತೆ. ನನ್ನ ಜೀವನಾನೇ ಬಿರುಕು ಬಿಡ್ತಾ ಇದೆ."

ವೀರಪ್ಪನವರು ಮೆತ್ತಗಾದರು, ಆದರೂ ಸಜ್ಜಾ ಕಡೆ ಒಮ್ಮೆ ನೋಡಿಕೊಂಡರು. ಆಗ ಅತ್ತೆ ಮಹಾಂತಮ್ಮ ಕಾಫಿ ಲೋಟದೊಂದಿಗೆ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದರು: "ಅದಕ್ಯಾಕೆ ಇಷ್ಟು ಗಲಾಟೆ? ಜಾಗ ಖಾಲಿ ಬಿಡಬಾರ್ದು ಅಷ್ಟೇ. ಅಳಿಯಂದ್ರು ಇಲ್ಲೇ ಕೂತು ಅಂಥದ್ದೇ ಇನ್ನೊಂದು ಬರೀಲಿ. ಅದನ್ನ ಕಟ್ಟಿ, ಇದನ್ನ ತಗೊಂಡು ಹೋಗ್ಲಿ. ಹೇಗೂ ಅದ್ರಲ್ಲಿ ಕಣ್ಣು ಮೂಗು ಏನೂ ಇಲ್ವಲ್ಲ, ಎಷ್ಟೊತ್ತು ಬೇಕು?"

ಕೊನೆಯ ಮಾತು ಚುಚ್ಚಿದರೂ ಜ್ಞಾನೇಶ ಒಪ್ಪಿಕೊಂಡ. ಸೆಂಟ್ರಿಂಗಿನ ಪ್ಲೈವುಡ್ ಹಲಗೆ ಸಿಕ್ಕಿತು. ಕಿಟಕಿ ಗ್ರಿಲ್ಲಿಗೆ ತಂದಿದ್ದ ಕಪ್ಪು ಪೇಂಟು, ರೆಡ್ ಆಕ್ಸೈಡು, ಬಿಳೀ ಪ್ರೈಮರು ಸಿಕ್ಕವು. ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು, ಸುತ್ತ ನಿಂತ ಜನರ ನೆರಳಿನಲ್ಲಿ, ಸರಸರನೆ ಬಳಿದು ಮುಗಿಸಿದ.

"ತಡೀರಿ," ಎಂದರು ವೀರಪ್ಪನವರು. "ಪರೀಕ್ಷೆ ಮಾಡದೆ ಕಟ್ಟಲ್ಲ. ಮೂರ್ತಿಗಳೇ, ಸ್ವಲ್ಪ ಈ ಕಡೆ ಬಂದು ನೋಡಿ. ಏನು ಕಾಣುತ್ತೆ ಹೇಳಿ."

ನರಸಿಂಹಮೂರ್ತಿಗಳು ಕನ್ನಡಕ ಏರಿಸಿ ನೋಡಿದರು. "ಎಮ್ಮೆ. ಕೆರೇಲಿ ಬಿದ್ಕೊಂಡಿದೆ."

"ಹೌದಲ್ಲ! ಅಗೋ ಕೋಡು!" ಎಂದಿತು ಜನ. ಒಮ್ಮೆ ಎಮ್ಮೆ ಎಂದ ಮೇಲೆ ಜ್ಞಾನೇಶನಿಗೂ ಅದು ಎಮ್ಮೆಯಾಗಿಯೇ ಕಾಣತೊಡಗಿತು.

"ಆಗಲ್ಲ ಅಳಿಯಂದ್ರೇ. ಎಮ್ಮೆ ಅಂತ ಗೊತ್ತಾದ್ರೆ ಸೀದಾ ಮನೆ ನೋಡ್ತಾರೆ. ಇನ್ನೂ ಸ್ವಲ್ಪ ಅರ್ಥ ಆಗದ ಹಾಗೆ ಬರೀರಿ."

ಬಳಿದದ್ದರ ಮೇಲೆ ಮತ್ತೆ ಬಳಿದ. ಮೂರ್ತಿಗಳು ಈ ಸಲ ಯೋಚಿಸಿ, "ಭದ್ರಾ ಡ್ಯಾಮು. ಎರಡು ಗೇಟು ಎತ್ತಿದಾರೆ," ಎಂದರು. ಅದೂ ಹೋಯಿತು. ಗಂಟೆ ಎರಡು ದಾಟಿತ್ತು. ಜ್ಞಾನೇಶನಿಗೆ ತಡೆಯಲಾರದ ಸಿಟ್ಟು ಬಂತು. ಗ್ಯಾಲರಿಗಳ ಮೇಲೆ, ಎಮ್ಮೆಯ ಮೇಲೆ, ಆ ತಿರುಗುವ ಕುರ್ಚಿಯ ಮೇಲೆ ಇದ್ದ ಸಿಟ್ಟನ್ನೆಲ್ಲ ಸೇರಿಸಿ ಡಬ್ಬಿಯ ಪೇಂಟನ್ನು ಹಲಗೆಯ ಮೇಲೆ ಸುರಿದು, ಖಾಲಿ ಸಿಮೆಂಟ್ ಚೀಲದಿಂದ ಅತ್ತಿತ್ತ ತಿಕ್ಕಿ ಎದ್ದು ನಿಂತ.

ನರಸಿಂಹಮೂರ್ತಿಗಳು ನೋಡಿದರು. ಕತ್ತು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದೇನ್ರೀ ಇದು?" ಎಂದರು.

"ಪಾಸು!" ಎಂದು ವೀರಪ್ಪನವರು ಚಪ್ಪಾಳೆ ತಟ್ಟಿದರು. ಮೇಸ್ತ್ರಿಯೂ ಒಪ್ಪಿ ಹಲಗೆಯನ್ನು ಮೇಲಕ್ಕೆಳೆದು ಕಟ್ಟಿ, ಹಳೆಯದನ್ನು ಇಳಿಸಿಕೊಟ್ಟ. ಬಿಸಿಲಿಗೆ ಕೆಂಪು ಸ್ವಲ್ಪ ಮಾಸಿತ್ತು, ಅಲ್ಲಲ್ಲಿ ಸಿಮೆಂಟು ಸಿಡಿದಿತ್ತು. ಜ್ಞಾನೇಶ ಅದನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸಿನಲ್ಲಿ ಕಂಡಕ್ಟರು ಅದನ್ನು ಹಿಂದಿನ ಸೀಟಿಗೆ ಒರಗಿಸಿಡಲು ಬಿಟ್ಟ. ತರಕಾರಿ ಚೀಲದ ಹೆಂಗಸೊಬ್ಬಳು ದಿಟ್ಟಿಸಿ, "ಅಣ್ಣಾ, ಇದು ನ್ಯೂಟೌನಲ್ಲಿ ವೀರಪ್ಪನೋರ ಮನೆ ಮೇಲಿತ್ತಲ್ವಾ? ನೀವೆಷ್ಟು ಅಂತಸ್ತು ಕಟ್ತಿದೀರಿ?" ಎಂದು ಕೇಳಿದಳು. ತನ್ನ ಚಿತ್ರವನ್ನು ಅಪರಿಚಿತರೊಬ್ಬರು ಗುರುತು ಹಿಡಿದದ್ದು ಜ್ಞಾನೇಶನ ಬದುಕಿನಲ್ಲಿ ಅದೇ ಮೊದಲು. ಅವನು ಕಿಟಕಿ ಕಡೆ ತಿರುಗಿಕೊಂಡ.

ಅವನು ಮನೆ ಮುಟ್ಟಿ, ಅಮೂಲ್ಯ ಒದ್ದೆಬಟ್ಟೆಯಿಂದ ಸಿಮೆಂಟು ಒರೆಸಿ, ಚಿತ್ರವನ್ನು ಗೋಡೆಗೆ ಹಾಕುವುದಕ್ಕೂ ತನುಜಾ ಅವರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ತನುಜಾ ಕಾಟನ್ ಸೀರೆಯ, ದೊಡ್ಡ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಬಂದವರೇ ಚಿತ್ರದ ಮುಂದೆ ನಿಂತರು. ಹತ್ತಿರ ಹೋದರು, ಹಿಂದೆ ಬಂದರು. ಅಮೂಲ್ಯ ತನಗೇ ಗೊತ್ತಿಲ್ಲದಂತೆ ಜ್ಞಾನೇಶನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

"ಚಿತ್ರ ಇದೇ," ಎಂದರು ತನುಜಾ ಕೊನೆಗೆ. "ಆದ್ರೆ ಕುಂಬಳಕಾಯಿ ಎಲ್ಲಿ?"

"ಕುಂಬಳಕಾಯಿ?"

ಅವರು ಫೋನು ತೆಗೆದು ಫೋಟೋ ತೋರಿಸಿದರು. ಯಾರೋ ದಾರಿಹೋಕರು ತೆಗೆದದ್ದು. ಅದರಲ್ಲಿ ಬಿದಿರಿನ ಗಳ, ಚಿತ್ರ, ಕುಂಬಳಕಾಯಿ, ಚಪ್ಪಲಿ, ಪೊರಕೆ ಎಲ್ಲವೂ ಇದ್ದವು. ಕೆಳಗೆ ರಸ್ತೆಯಲ್ಲಿ, ಕೈಯಲ್ಲಿ ಖಾಲಿ ಹಾಲಿನ ಪಾತ್ರೆ ಹಿಡಿದು ಬೆನ್ನು ಹಾಕಿ ನಿಂತು, ಕತ್ತೆತ್ತಿ ಮೇಲೆ ನೋಡುತ್ತಿದ್ದ ನರಸಿಂಹಮೂರ್ತಿಗಳ ಬಕ್ಕತಲೆಯೂ ಇತ್ತು.

"ನಾನು ನೋಡಬೇಕು ಅಂದಿದ್ದು ಇದನ್ನ, ಪೂರ್ತಿಯಾಗಿ. ಬೀದಿಗೆ ಮುಖ ಮಾಡಿ, ನೋಡುವವರ ಕಣ್ಣನ್ನೇ ಕಟ್ಟಿಹಾಕೋ ಕೃತಿ! ಬರೀ ಕ್ಯಾನ್ವಾಸ್ ಆದ್ರೆ... ತಪ್ಪು ತಿಳ್ಕೋಬೇಡಿ, ಇಂಥದ್ದು ನಂಗೆ ವಾರಕ್ಕೆ ಒಂದು ರಾಶಿ ಬರುತ್ತೆ. ಇದನ್ನ ಹೀಗೆ ಕಟ್ಟಬೇಕು ಅಂತ ಹೊಳೆದದ್ದು ಯಾರಿಗೆ?"

ಜ್ಞಾನೇಶ ಜೀವನದಲ್ಲಿ ಸುಳ್ಳು ಹೇಳಬೇಕಾದ ಗಳಿಗೆ ಇದೇ ಎಂದು ತಿಳಿದು ಬಾಯಿ ತೆರೆದ. ಆದರೆ ಅಮೂಲ್ಯ ಗಣಿತದ ಮೇಡಂ; ಪ್ರಶ್ನೆ ಕೇಳಿದರೆ ಸರಿಯುತ್ತರ ಅವಳ ಬಾಯಿಂದ ತಾನಾಗಿ ಬರುತ್ತದೆ.

"ನಮ್ಮ ಅಪ್ಪಾಜಿಗೆ ಮೇಡಂ," ಎಂದಳು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ತನುಜಾ ದಾರಿ ತೋರಿಸಲು ಜ್ಞಾನೇಶನನ್ನು ಕರೆದು ಕಾರಿನ ಬಾಗಿಲು ತೆಗೆದಿದ್ದರು.

ಭದ್ರಾವತಿಯಲ್ಲಿ ಸಂಜೆಬಿಸಿಲು ಪ್ಲೈವುಡ್ ಹಲಗೆಯ ಮೇಲೆ ಬಿದ್ದು ಕೆಂಪು ಆಕ್ಸೈಡು ಹೊಳೆಯುತ್ತಿತ್ತು. ನರಸಿಂಹಮೂರ್ತಿಗಳು ಪರೀಕ್ಷೆ ಮುಗಿದ ಮೇಲೂ ಮನೆಗೆ ಹೋಗಿರಲಿಲ್ಲ, ಹೊಸದನ್ನು ನೋಡುತ್ತಾ ಅಲ್ಲೇ ನಿಂತಿದ್ದರು. ತನುಜಾ ಕಾರಿನಿಂದಿಳಿದು ತಲೆಯೆತ್ತಿದವರು, "ಅಬ್ಬಾ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ವೀರಪ್ಪನವರಿಗೆ ಕೈಮುಗಿದು, "ಸರ್, ಇದರ ಹಿಂದಿನ ನಿಮ್ಮ ಚಿಂತನೆ ಏನು?" ಎಂದು ಕೇಳಿದರು.

"ಚಿಂತನೆ ಏನಿಲ್ಲಮ್ಮ. ನೋಡೋರಿಗೆ ಏನೂ ತಿಳೀಬಾರ್ದು, ಆದ್ರೆ ಕಣ್ಣು ಕೀಳಕ್ಕೂ ಆಗಬಾರ್ದು. ಅಷ್ಟೇ."

ತನುಜಾ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. "ಎಷ್ಟು ವರ್ಷದಿಂದ ಕಲಾವಿದರನ್ನ ಕೇಳ್ತಿದೀನಿ ಸರ್, ಇಷ್ಟು ಸ್ಪಷ್ಟವಾಗಿ ಒಬ್ಬರೂ ಹೇಳಿರ್ಲಿಲ್ಲ. ಈ ಹಲಗೆ ಹೊಸದಾ?"

"ಹೂಂ, ಇವತ್ತೇ ಬದಲಾಯಿಸಿದ್ದು. ಮೂರು ಸಲ ಬರೆಸ್ದೆ. ಎರಡು ಸರಿ ಬರ್ಲಿಲ್ಲ, ಬೇಡ ಅಂದೆ."

"ಬರೆದವರು?"

"ನಮ್ಮ ಅಳಿಯಂದ್ರೇ," ಎಂದು ವೀರಪ್ಪನವರು ಪ್ರೀತಿಯಿಂದ ಜ್ಞಾನೇಶನ ಬೆನ್ನು ಸವರಿದರು. "ಒಳ್ಳೆಯವರು ಪಾಪ. ಹೇಳಿದ ಹಾಗೆ ಕೇಳ್ತಾರೆ."

ತನುಜಾ ತಲೆದೂಗಿದರು. "ದೊಡ್ಡ ಕಲಾವಿದರೆಲ್ಲ ಹೀಗೇ ಸರ್. ಯೋಚನೆ ಅವರದ್ದು, ಕೈಕೆಲಸಕ್ಕೆ ಒಬ್ಬರನ್ನ ಇಟ್ಕೊಂಡಿರ್ತಾರೆ."

ಮೇಸ್ತ್ರಿ ಗಳದ ಮೇಲಿಂದಲೇ 'ನಮ್ಮಲ್ಲೂ ಹಾಗೇ' ಎಂದು ಒಪ್ಪಿಕೊಂಡ. ಅಲ್ಲೇ ಎಲ್ಲ ನಿಶ್ಚಯವಾಯಿತು. ಗೃಹಪ್ರವೇಶ ಮುಗಿದ ಕೂಡಲೇ ಬೆಂಗಳೂರಿನ ಪ್ರದರ್ಶನಕ್ಕೆ ವೀರಪ್ಪನವರು ಹಲಗೆ, ಬಿದಿರು, ಕುಂಬಳಕಾಯಿ, ಚಪ್ಪಲಿ, ಪೊರಕೆ ಸಮೇತ ಬರಬೇಕು. ನೋಡುವವನಿಲ್ಲದೆ ಕೃತಿ ಪೂರ್ಣವಾಗುವುದಿಲ್ಲವಾದ್ದರಿಂದ ನರಸಿಂಹಮೂರ್ತಿಗಳೂ ಬಂದು ದಿನವಿಡೀ ಅದರ ಮುಂದೆ ನಿಲ್ಲಬೇಕು. ಮೂರ್ತಿಗಳು ಊಟತಿಂಡಿಯ ವಿಚಾರ ಕೇಳಿ, ಸಮಾಧಾನವಾದ ಮೇಲೆ ಒಪ್ಪಿದರು.

"ಮೇಡಂ, ನಾನು?" ಎಂದ ಜ್ಞಾನೇಶ.

"ನೀವೂ ಬನ್ನಿ. ಗಳ ಕಟ್ಟೋವಾಗ ಹಿಡ್ಕೊಳ್ಳೋಕೆ ಬೇಕಾಗುತ್ತೆ."

"ಭಾವ ಬರೋಕಾಗಲ್ಲ ಮೇಡಂ," ಎಂದ ಸುದೀಪ. "ಅವರಿಗೆ ನಮ್ಮ ಅಂಗಡೀಲಿ ಡ್ಯೂಟಿ. ಸೋಮವಾರದಿಂದ ಅಂತಿತ್ತು, ಈಗ ಇವತ್ತಿಂದಲೇ ಬೇಕು. ಅಪ್ಪಾಜಿಗೆ ನಾಳೆ ಬೆಳಗ್ಗೆ ಸರ್ಕಲಲ್ಲಿ ಫ್ಲೆಕ್ಸ್ ನಿಲ್ಲಿಸಬೇಕಲ್ಲ!"

ಹೀಗೆ, ಕಾರು ಬೆಂಗಳೂರಿನ ಕಡೆ ಹೊರಡುವ ಮೊದಲೇ ಜ್ಞಾನೇಶ ಸುದೀಪನ ಬೈಕಿನ ಹಿಂದೆ ಕೂತು ಅಂಗಡಿ ಸೇರಿದ. ಕುರ್ಚಿ ನಿಜವಾಗಿಯೂ ಚೆನ್ನಾಗಿ ತಿರುಗುತ್ತಿತ್ತು. ಅವನು ಮಾವನ ಫೋಟೋ ತೆರೆದು ಕಣ್ಣಿನ ಕೆಳಗಿನ ಕಪ್ಪು ಅಳಿಸಿದ, ಕರೀ ಕನ್ನಡಕ ಹಾಕಿದ, ತಲೆಯ ಹಿಂದೆ ಪ್ರಭಾವಳಿ ಬಿಡಿಸಿದ. ಕೆಳಗೆ ದಪ್ಪಕ್ಷರದಲ್ಲಿ 'ಹೆಸರಾಂತ ಅಮೂರ್ತ ಕಲಾವಿದ ಶ್ರೀ ವೀರಪ್ಪನವರಿಗೆ ಹಾರ್ದಿಕ ಅಭಿನಂದನೆಗಳು' ಎಂದು ಕೂರಿಸಿದ.

ಪ್ರಿಂಟಿಗೆ ಕೊಡುವಷ್ಟರಲ್ಲಿ ಮಹಾಂತಮ್ಮನವರ ಫೋನು ಬಂತು. "ಅಳಿಯಂದ್ರೇ, ನಿಮ್ಮ ಮಾವನ ಮುಖ ಅಷ್ಟು ದೊಡ್ಡದಾಗಿ ಸರ್ಕಲಲ್ಲಿ ಹಾಕ್ತೀರಲ್ಲ, ಊರವರ ದೃಷ್ಟಿ ತಾಗಲ್ವಾ? ಪಕ್ಕದಲ್ಲಿ ನಿಮ್ಮದೊಂದು ಚಿತ್ರ ಹಾಕ್ಬಿಡಿ. ಮರೀಬೇಡಿ."

ಜ್ಞಾನೇಶ ತನ್ನ ಫೋನಿನಿಂದ 'ಮೌನ–ಒಂಬತ್ತ'ರ ಫೋಟೋ ತೆಗೆದು, ಚಿಕ್ಕದು ಮಾಡಿ, ಮಾವನ ಕಿವಿಯ ಪಕ್ಕ ಕೂರಿಸಿದ. ಎಷ್ಟೋ ವರ್ಷ ಕಾದ ಮೇಲೆ ಅವನ ಕೃತಿ ನಾಲ್ಕು ಜನ ನೋಡುವ ಕಡೆ ನಿಲ್ಲಲಿತ್ತು.

ಸುದೀಪ ಹಿಂದಿನಿಂದ ಬಗ್ಗಿ ನೋಡಿದ. "ಸೂಪರ್ ಭಾವ. ಆದ್ರೆ ಮೂಲೇಲಿ ನಿಮ್ಮ ಸಹಿ ಕಾಣ್ತಾ ಇದೆ, ಅದನ್ನ ಅಳಿಸ್ಬಿಡಿ. ಓದೋಕೆ ಬರೋದು ಏನಾದ್ರೂ ಇದ್ರೆ ದೃಷ್ಟಿ ಅಲ್ಲಿ ನಿಲ್ಲಲ್ಲ, ಸೀದಾ ಅಪ್ಪಾಜಿ ಮೇಲೆ ಬೀಳುತ್ತೆ."

ಜ್ಞಾನೇಶ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಅಳಿಸಿದ.